ಬೋಡಿಮೆಟ್ಟಿನ ಏರಿನಲ್ಲಿ ನೀರು ಕುಡಿದ ಲಾರಿ

ಚುಯ್.

ಅಷ್ಟೇ. ಕಾದ ಕಬ್ಬಿಣದ ಮೇಲೆ ಒಂದೇ ಒಂದು ಹನಿ ನೀರು ಬಿದ್ದರೆ ಆಗುವ ಸದ್ದು. ದೋಸೆಕಲ್ಲಿಗೆ ನೀರು ಚಿಮುಕಿಸಿದಾಗ ಬರುವುದು ಇದರ ದೊಡ್ಡಕ್ಕ, ಅವಳಿಗೆ ಗಲಾಟೆ ಜಾಸ್ತಿ. ನಾನು ಹೇಳುವ ಸದ್ದು ಮೆಲ್ಲನೆಯದು. ಲಾರಿಯ ಎಂಜಿನ್ ಆರಿಸಿ, ಫ್ಯಾನು ತಿರುಗುವುದು ನಿಂತು, ಡ್ರೈವರು ಬಾಗಿಲು ಬಡಿದು ಟೀ ಕುಡಿಯಲು ಹೋದ ಮೇಲೆ ಎಲ್ಲಿಂದಲೋ ಜಾರಿದ ಹನಿ ಎಗ್ಸಾಸ್ಟ್ ಪೈಪಿನ ಮೇಲೆ ಬಿದ್ದು ಇಲ್ಲವಾಗುವ ಸದ್ದು. ಕೊಡೈಕಾನಲ್ಲಿನ ನಮ್ಮ ಕಾನ್ವೆಂಟಿನಲ್ಲಿ ಸ್ಟಡಿ ಹಾಲಿಗೆ ಬರುತ್ತಿದ್ದ ಸಿಸ್ಟರ್ ಒಬ್ಬರು ತುಟಿಯ ಮೇಲೆ ಬೆರಳಿಟ್ಟು ಹೀಗೆಯೇ ಅನ್ನುತ್ತಿದ್ದರು. ನಾವೆಲ್ಲ ಒಮ್ಮೆಗೇ ಸುಮ್ಮನಾಗುತ್ತಿದ್ದೆವು. ಎಂಜಿನ್ನಿನ ಮುಂದೆಯೂ ಆ ಸದ್ದು ಕೇಳಿದರೆ ನಾನು ತಾನಾಗಿ ಸುಮ್ಮನಾಗುತ್ತಿದ್ದೆ. ಹಳೆಯ ಲಾರಿಗಳ ನೀರಿನ ಸೋರಿಕೆ ಹುಡುಕುವ ಕೆಲಸದಲ್ಲಿ ಅರ್ಧ ಭಾಗ ಈ ಸುಮ್ಮನಿರುವುದೇ.

ಈಗ ಡೀಸೆಲ್ ಮೆಕ್ಯಾನಿಕ್ ಕೋರ್ಸು ಮುಗಿಸಿದ ಹುಡುಗರು, ಇತ್ತೀಚೆಗೆ ಒಬ್ಬಿಬ್ಬರು ಹುಡುಗಿಯರೂ, ನನ್ನನ್ನು ನೋಡಲು ಬರುತ್ತಾರೆ. "ಪಾಟಿ, ಆ ಕಾಲದಲ್ಲಿ ಮಿಷನ್ ಇಲ್ಲದೆ ಹೇಗೆ ಕಂಡುಹಿಡಿಯುತ್ತಿದ್ರಿ?" ಎಂದು ಕೇಳುತ್ತಾರೆ. ಅಜ್ಜಿಯ ಮಾತು ಕೇಳುವಷ್ಟು ಹೊತ್ತು ಅವರಿಗಿರುವುದಿಲ್ಲ, ಫೋನು ಕೂಗುತ್ತದೆ. ಬರೆದಿಟ್ಟರೆ ಯಾವಾಗಲಾದರೂ ಓದಿಯಾರು.

ನಾನು ತಮಿಳುನಾಡಿನ ತೇನಿಗೆ ಸೊಸೆಯಾಗಿ ಬಂದವಳು. ನಮ್ಮದು ಈ ಕಣಿವೆಯಲ್ಲಿ ಎಷ್ಟೋ ತಲೆಮಾರಿನಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ನಮ್ಮ ಹಳೇ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್. ಕನ್ನಡದ ಅಕ್ಷರ ಕಲಿತದ್ದು ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಬೇಸಿಗೆ ರಜೆ ಕಳೆಯುವಾಗ. ಬರಹದಲ್ಲಿ ಮೂರೂ ಕಲಸಿಕೊಂಡರೆ ಪ್ಲೀಸ್ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಗಂಡ ಬ್ಯಾಂಕಿನಲ್ಲಿದ್ದರು, ಗ್ರೀಸಿನ ವಾಸನೆಗೇ ಅವರಿಗೆ ತಲೆನೋವು. ಬೋಡಿ ರಸ್ತೆಯಲ್ಲಿ ಮಾವನವರ ಲಾರಿ ವರ್ಕ್‌ಷಾಪ್ ಇತ್ತು. ಊರವರ ಬಾಯಲ್ಲಿ ಅದು ಪಟ್ಟರೆ. ಮಾವನವರನ್ನು ನಾನು ಮಾಮ ಎಂದೇ ಕರೆಯುತ್ತಿದ್ದೆ, ಅವರಿಗೆ ನಾನು ಮುದ್ದಿನ "ಕಣ್ಣು". ಅವರಿಗೆ ಎಂಜಿನ್ನಿನ ಎಲ್ಲ ಭಾಷೆಯೂ ಬರುತ್ತಿತ್ತು, ಇಂಗ್ಲಿಷ್ ಒಂದನ್ನು ಬಿಟ್ಟು. ಒಂದು ಸಂಜೆ ಹೊಸ ಪಂಪಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತರು.

"ಕಣ್ಣು, ಇದ್ರಲ್ಲಿ ಏನ್ ಬರ್ದವ್ರೆ, ಒಸಿ ಓದಿ ಯೋಳು."

ಓದಿ ಹೇಳಿದೆ. ಮರುದಿನ ಪಂಪಿನ ಪಕ್ಕದಲ್ಲಿ ನಿಂತು ಓದಿ ಹೇಳಬೇಕಾಯಿತು. ಆಮೇಲೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಟಾರ್ಚು. ಆಮೇಲೆ ಪುಸ್ತಕ ಹೋಗಿ ಆ ಕೈಗೆ ಸ್ಪ್ಯಾನರ್ ಬಂತು. ಯಾರೂ ನನ್ನನ್ನು ಅಪಾಯಿಂಟ್ ಮಾಡಲಿಲ್ಲ. ಡ್ರೈವರುಗಳು ನನಗೆ "ಕಾನ್ವೆಂಟು" ಎಂದು ಹೆಸರಿಟ್ಟರು. "ಮಾಮ ಇಲ್ವಾ? ಸರಿ, ಕಾನ್ವೆಂಟಾದ್ರೂ ಐತಾ?" ಎಂದು ಗೇಟಿನಿಂದಲೇ ಕೂಗುತ್ತಿದ್ದರು.

ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಲಾರಿಯ ಎಂಜಿನ್ನಿನೊಳಗೆ ಬೆಂಕಿ ಉರಿಯುವ ಜಾಗದ ಸುತ್ತಲೂ ನೀರು ಹರಿಯುತ್ತಿರುತ್ತದೆ. ಬಿಸಿಯಾದ ನೀರು ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಮತ್ತೆ ಒಳಗೆ ಹೋಗುತ್ತದೆ. ಈ ಸುತ್ತಾಟದಲ್ಲಿ ನೀರು ಕಡಿಮೆಯಾದರೆ ಎಂಜಿನ್ ಕುದಿಯುತ್ತದೆ, ಕುದಿದರೆ ಒಳಗೆಲ್ಲ ಬಿಗಿದುಕೊಂಡು ನಿಲ್ಲುತ್ತದೆ. ನೀರು ಹೊರಗೆ ಸೋರಿದರೆ ಸಂತೋಷಪಡಿ. ಹೋಸು, ಪಂಪು, ರೇಡಿಯೇಟರು, ಎಲ್ಲಿ ಸೋರಿದರೂ ಒಂದು ಬಿಳಿ ಅಥವಾ ತುಕ್ಕಿನ ಗೆರೆ ಬಿಟ್ಟು ಹೋಗಿರುತ್ತದೆ, ಹುಡುಕಿದರೆ ಸಿಗುತ್ತದೆ. ನೆಲ ಒಣಗಿದ್ದು ನೀರು ಮಾತ್ರ ಕಡಿಮೆಯಾಗುತ್ತಿದ್ದರೆ ಆಗ ಹೆದರಿ.

ಹೊರಗೆ ಸೋರಿದರೂ ಕೆಡಿಸಿಕೊಳ್ಳುವವರಿದ್ದರು. ನಮ್ಮ ಕಡೆ ರೇಡಿಯೇಟರಿನಲ್ಲಿ ಸಣ್ಣ ತೂತು ಬಿದ್ದರೆ ಡ್ರೈವರುಗಳು ಅರಿಶಿನದ ಪುಡಿ ಸುರಿಯುತ್ತಿದ್ದರು. ಗಾಯಕ್ಕೆ ಅರಿಶಿನ ಮೆತ್ತುವ ಬುದ್ಧಿಯೇ. ಒಂದಿಷ್ಟು ದೂರ ಸೋರಿಕೆ ನಿಲ್ಲುವುದೂ ನಿಜ. ನಿಲಕ್ಕೋಟ್ಟೈಯಿಂದ ಮಲ್ಲಿಗೆ ತುಂಬಿಕೊಂಡು ಬಂದ ಒಬ್ಬ ಡ್ರೈವರು ಚಿಟಿಕೆ ಸಾಲದೆಂದು ಪೊಟ್ಟಣವನ್ನೇ ಸುರಿದಿದ್ದ. ರೇಡಿಯೇಟರಿನ ಸಣ್ಣ ಕೊಳವೆಗಳೆಲ್ಲ ಕಟ್ಟಿಕೊಂಡು ಎಂಜಿನ್ ನಮ್ಮ ಗೇಟಿನ ಮುಂದೆ ಕುದಿದು ನಿಂತಿತು. ಹಿಂದೆ ಮಲ್ಲಿಗೆಯ ಮೂಟೆ, ಮುಂದೆ ಬೇಯುವ ಅರಿಶಿನ. ಮಾಮ ಒಳಗಿನಿಂದಲೇ ಮೂಗೆತ್ತಿ "ಯಾರ್ ಮನೆ ಮದುವೆ ಕಣ್ಣು?" ಎಂದರು. ಆ ವಾಸನೆ ಪಟ್ಟರೆಯಲ್ಲಿ ವಾರಗಟ್ಟಲೆ ಇತ್ತು. ಕಪ್ಪು ಎಣ್ಣೆಯ ನಡುವೆ ಮದುವೆಮನೆಯ ವಾಸನೆ ತೇಲಿ ಬರುವಾಗ ನಾನು ಕೆಲಸ ಬಿಟ್ಟು ಎಲ್ಲೋ ನೋಡುತ್ತ ನಿಲ್ಲುತ್ತಿದ್ದೆ. ಸೋ ಸ್ಟ್ರೇಂಜ್.

ಮಾಮ ಕೆಲಸ ಕಲಿಸುವ ರೀತಿಯಲ್ಲಿ ಬಾಯಿಮಾತು ಕಡಿಮೆ. ರೇಡಿಯೇಟರಿನ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುವರು. ಎಂಜಿನ್ನಿನ ಹೊಗೆ ನೀರಿಗೆ ನುಗ್ಗಿದ್ದರೆ ಅವರಿಗೆ ಹೊಗೆಯ ಕಹಿ ಸಿಗುತ್ತಿತ್ತು. ನೀವು ಖಂಡಿತ ಹಾಗೆ ಮಾಡಬೇಡಿ. ಆಗ ಇದ್ದದ್ದು ಬರೀ ನೀರು. ಈಗಿನ ಕೂಲೆಂಟ್ ಸಿಹಿಯಾದ ವಿಷ.

ಅಂಥ ನಾಲಿಗೆಯೂ ಸೋತದ್ದು ಕೆಂಚಣ್ಣನ ಲಾರಿಯ ಮುಂದೆ.

ಕೆಂಚಣ್ಣ ನಮ್ಮ ಜನವೇ, ಬೋಡಿಯವರು. ಮೂಗುದ್ದದ ಹಳೇ ಲಾರಿಯೊಂದಕ್ಕೆ ಅವರೇ ಓನರು, ಅವರೇ ಡ್ರೈವರು. ಬೋಡಿಯಿಂದ ಅಕ್ಕಿ, ಗೊಬ್ಬರ ಹೇರಿಕೊಂಡು ಬೋಡಿಮೆಟ್ಟು ಘಾಟಿಯ ಮೇಲಿನ ಒಂದು ಏಲಕ್ಕಿ ಎಸ್ಟೇಟಿಗೆ ಹೋಗುವುದು, ಅಲ್ಲಿಂದ ಏಲಕ್ಕಿಯೋ ಟೀಯೋ ತುಂಬಿಕೊಂಡು ಇಳಿಯುವುದು. ಮದುವೆಯಾಗಿರಲಿಲ್ಲ. "ಬಂಡೀನ ಕಟ್ಕೊಂಡವ್ನೆ" ಎಂದು ಮಾಮ ಗೇಲಿ ಮಾಡಿದರೆ, "ಆಮಾ, ಹೌದು ಮತ್ತೆ, ಇವಳು ಎದುರು ಮಾತಾಡಲ್ಲ" ಎನ್ನುತ್ತಿದ್ದರು.

ಆ ಸಲ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಮಾಮ, ಬಂಡಿ ನೀರ್ ಕುಡೀತದೆ. ಎಲ್ ಹೋಯ್ತದೆ ಗೊತ್ತಿಲ್ಲ. ನೆಲದ ಮ್ಯಾಲೆ ಒಂದ್ ಹನಿ ಇಲ್ಲ."

ಮಾಮ ಬೆರಳದ್ದಿದರು, ನಾಲಿಗೆಗೆ ಇಟ್ಟರು. "ಹೊಗೆ ಐತೆ. ಗ್ಯಾಸ್ಕೆಟ್ಟು."

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲೆ ಮುಚ್ಚಳದಂತೆ ಕೂರುವುದು ಹೆಡ್. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ. ಅದು ಸುಟ್ಟರೆ ನೀರು ಬೆಂಕಿಯ ಕಡೆಗೂ ಹೊಗೆ ನೀರಿನ ಕಡೆಗೂ ನುಗ್ಗುತ್ತದೆ. ಹೆಡ್ ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಿದೆವು. ಕೆಂಚಣ್ಣ ಹೋದರು. ಹೆಚ್ಚು ದಿನವಾಗಿರಲಿಲ್ಲ, ಬೋಡಿಮೆಟ್ಟಿನ ಒಂದು ತಿರುವಿನಲ್ಲಿ ಲಾರಿ ಕುದಿದು ನಿಂತಿತು. ಹಿಂದೆ ಮುಂದೆ ಬಸ್ಸು, ಜೀಪು, ಎಲ್ಲರ ಬೈಗುಳ. ಮಾಮ ಮತ್ತೆ ಹೆಡ್ ಇಳಿಸಿ, ಅದರ ತಳವನ್ನು ಮಟ್ಟ ಮಾಡಿಸಿ, ಎರಡನೇ ಗ್ಯಾಸ್ಕೆಟ್ ಹಾಕಿ, ಒಂದೊಂದು ಬೋಲ್ಟನ್ನೂ ತಾವೇ ಬಿಗಿದರು. ಮತ್ತೆ ಅದೇ ಕಥೆ.

ಎಸ್ಟೇಟಿನ ಮ್ಯಾನೇಜರು ಹೇಳಿ ಕಳಿಸಿದರು: ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಲೋಡು ಬೇರೆಯವರಿಗೆ. ಅದಕ್ಕಿಂತ ದೊಡ್ಡ ಭಯ ಹೆಡ್ಡಿನದು. ಆ ಮಾಡೆಲ್ಲಿನ ಹೆಡ್ಡನ್ನು ಕಂಪನಿ ಎರಕ ಹೊಯ್ಯುವುದನ್ನೇ ಬಿಟ್ಟಿತ್ತು. ಹಳೇ ಲಾರಿ ಒಡೆಯುವ ಜಾಗಗಳಲ್ಲೆಲ್ಲ ಮಾಮ ವಿಚಾರಿಸಿದರು, ಸರಿಯಿದ್ದದ್ದು ಒಂದೂ ಸಿಗಲಿಲ್ಲ. ಈ ಹೆಡ್ ಹೋದರೆ ಲಾರಿ ನೇರ ಗುಜರಿಗೆ.

ಕೆಂಚಣ್ಣ ಬಾಗಿಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. "ಇದು ಹೋದ್ರೆ ನಾನ್ ಇನ್ನೊಬ್ಬನ ಬಂಡೀಲಿ ಕ್ಲೀನರು, ಮಾಮ. ಈ ನರೆ ತಲೇನ ಯಾವನ್ ಕ್ಲೀನರ್ ಮಾಡ್ಕೊಂಡಾನು?"

ಮಾಮ ಬನಿಯನ್ನಿನ ಅಂಚಿನಲ್ಲಿ ಬೆರಳು ಒರೆಸುತ್ತಲೇ ಇದ್ದರು.

ನಾನು ಹೇಳಿದೆ, "ಮಾಮ, ಇಲ್ಲಿ ಇದಕ್ಕೆ ಕಾಯಿಲೆ ಇಲ್ಲ. ಪ್ರೆಷರ್ ಹಾಕಿ ನೋಡಿದ್ರೆ ಒಂದು ಹನಿ ಇಳಿಯಲ್ಲ. ಮಲೆ ಹತ್ತುವಾಗ ಕಾಯಿಲೆ ಬರುತ್ತೆ. ನಾನು ಜೊತೆಗೆ ಹೋಗಿ ನೋಡ್ತೀನಿ."

"ಲಾರೀಲಿ ಹೆಂಗ್ಸು ಮಲೆ ಏರೋದಾ? ನಿಮ್ಮತ್ತೆ ನನ್ನ ಸುಮ್ಕೆ ಬುಟ್ಟಾಳಾ?"

"ಅತ್ತೇನ ಆಗ್ಲೇ ಕೇಳ್ದೆ. ಬರುವಾಗ ಒಳ್ಳೇ ಏಲಕ್ಕಿ ತಗೊಂಡ್ ಬಾ ಅಂದ್ರು."

ಹೀಗೆ ನಾನು ಕೆಂಚಣ್ಣನ ಪಕ್ಕದಲ್ಲಿ, ಅವರು ತೊಳೆದ ಟವಲು ಹಾಸಿಕೊಟ್ಟ ಸೀಟಿನಲ್ಲಿ ಕೂತೆ. ಆ ಬೆಳಗನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ತೆಂಗಿನ ತೋಟಗಳ ಮೇಲೆ ಮಂಜು ಹಾಸಿಗೆ ಮಡಿಸದೆ ಬಿಟ್ಟ ಹಾಗೆ ಬಿದ್ದಿತ್ತು. ಒಂದೊಂದು ತಿರುವಿಗೂ ಕಣಿವೆ ಇನ್ನಷ್ಟು ಕೆಳಗಿಳಿದು, ಕಂಬಂ ಕಡೆಯ ದ್ರಾಕ್ಷಿ ಚಪ್ಪರಗಳು ಹಸಿರು ಟವಲಿನಷ್ಟು, ಆಮೇಲೆ ಕರ್ಚೀಫಿನಷ್ಟು ಆದವು. ಕಾಲಿನ ಕೆಳಗೆ ಎಂಜಿನ್ನಿನ ಬಿಸಿ, ಕಿಟಕಿಯಿಂದ ಮಲೆಯ ಚಳಿ. ನಾನು ಹೀಟ್ ಮೀಟರಿನ ಮುಳ್ಳನ್ನು ನೋಡಬೇಕಿತ್ತು. ಆದರೆ ಕೆಂಚಣ್ಣ ಮಾತಾಡುತ್ತಿದ್ದರು, ನಾನು ಆ ಮಾತಿನೊಳಗೆ ಹೊಕ್ಕುಬಿಟ್ಟಿದ್ದೆ.

"ರೋಡಾಗಕ್ ಮುಂಚೆ ನಮ್ಮಪ್ಪ ಹೇರೆತ್ತು ಹೊಡ್ಕೊಂಡು ಇದೇ ಮಲೆ ಏರ್ತಿದ್ದ, ತಾಯಿ. ಎತ್ತಿನ ಬೆನ್ನ ಮ್ಯಾಲೆ ಅಕ್ಕಿ ಹಾಕ್ಕೊಂಡು ಹೋಗದು, ಏಲಕ್ಕಿ ಹಾಕ್ಕೊಂಡು ಬರದು. ನಾನೂ ಹಿಂದೆ ಓಡ್ತಿದ್ದೆ. ಎತ್ತು ಕುಡಿಯೋಗಂಟ ನಾವು ಕುಡೀಬಾರ್ದು. ಅಪ್ಪ ಒದೀತಿದ್ದ."

"ಎತ್ತು ಕುಡಿಯಲ್ಲ ಅಂದ್ರೆ?"

"ನಮಗೂ ಇಲ್ಲ. ಬಾಯಿಲ್ಲದ ಜೀವಕ್ಕೆ ಮೊದ್ಲು."

ಮುಳ್ಳು ಮೇಲೇರುತ್ತಿತ್ತು, ಆದರೆ ಕೆಂಪು ಮುಟ್ಟಿರಲಿಲ್ಲ. ಹಳೇ ಎಂಜಿನ್, ತುಂಬಿದ ಲೋಡು, ಇಂಥ ಏರು, ಅಷ್ಟು ಬಿಸಿ ಸಹಜ. ಅರ್ಧಕ್ಕಿಂತ ಮೇಲೆ ಬಂಡೆಯ ಸಂದಿನಿಂದ ಒರತೆ ಬೀಳುವ ಜಾಗ ಬಂತು. ಕೆಂಚಣ್ಣ ಅಂಚಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬಕೆಟ್ ತೆಗೆದರು. ನೀರು ಕುಡಿಸುತ್ತೇನೆಂದು ಅವರು ಪಟ್ಟರೆಯಲ್ಲೇ ಎಷ್ಟೋ ಸಲ ಹೇಳಿದ್ದರು. ಎಲ್ಲ ಡ್ರೈವರುಗಳೂ ಕಡಿಮೆಯಾದಷ್ಟು ತುಂಬಿಸುತ್ತಾರೆ, ಅದರಲ್ಲಿ ಕೇಳುವುದೇನಿತ್ತು? ನಾನು ಕೈಕಾಲು ಸಡಿಲ ಮಾಡಿಕೊಳ್ಳಲು ಇಳಿದೆ.

ಆಗ ಲಾರಿಯ ಹೊಟ್ಟೆಯ ಕೆಳಗಿನಿಂದ ಆವಿ ಎದ್ದಿತು. ಕೆಂಚಣ್ಣ ಮಂಡಿಯೂರಿ, ರೇಡಿಯೇಟರಿನ ಕೆಳಗಿನ ಸಣ್ಣ ನಲ್ಲಿಯನ್ನು ತಿರುಗಿಸಿ ಬಿಟ್ಟಿದ್ದರು. ಕುದಿಯುವಂಥ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು.

"ಅಣ್ಣಾ! ಏನ್ ಮಾಡ್ತಿದೀರಿ?"

"ಹಳೇ ನೀರ್ ಬುಡ್ತಾ ಇವ್ನಿ."

"ಎಲ್ಲಾನೂ?"

"ಮತ್ತೆ? ಏರಿ ಬಂದ ಜೀವಕ್ಕೆ ಹಳಸ್ಲು ನೀರ್ ಕೊಟ್ಟಾರಾ ತಾಯಿ?" ನನ್ನ ಅಜ್ಞಾನಕ್ಕೆ ಅವರಿಗೆ ನಗು. ನಲ್ಲಿ ಮುಚ್ಚಿ, ಒದ್ದೆ ಗೋಣಿಯಿಂದ ಮೇಲಿನ ಮುಚ್ಚಳ ಹಿಡಿದು ತೆಗೆದು, ನಾನು ಹತ್ತಿರ ಬರುವಷ್ಟರಲ್ಲಿ ಮೊದಲ ಬಕೆಟ್ ಸುರಿದೂ ಬಿಟ್ಟಿದ್ದರು. ಕೈಯಿಟ್ಟರೆ ಬೆರಳು ಮರಗಟ್ಟುವ ನೀರು ಅದು. ಕಬ್ಬಿಣ ಎಲ್ಲೋ ಒಳಗೆ ಸಣ್ಣಗೆ ನರಳಿತು. ನಾನು ಊಹಿಸಿಕೊಂಡೆನೋ, ನಿಜವಾಗಿ ಕೇಳಿತೋ, ಈಗ ಹೇಳಲಾರೆ.

"ಯಾವಾಗಿಂದ ಹೀಗೆ?"

"ಬಂಡಿ ನನ್ ಕೈಗೆ ಬಂದ ದಿನದಿಂದ. ಒಂದ್ ದಿನಾನೂ ತಪ್ಸಿಲ್ಲ."

ಬಕೆಟ್ಟುಗಳು ಮುಗಿದ ಮೇಲೆ ಅವರು ಒರತೆಗೆ ಬೊಗಸೆಯೊಡ್ಡಿ ತಾವು ಕುಡಿದರು. ನಾನು ಎಂಜಿನ್ ಚಾಲೂ ಮಾಡಿಸಿ ರೇಡಿಯೇಟರಿನ ಬಾಯಿಗೆ ಟಾರ್ಚು ಹಿಡಿದೆ. ತಿಳಿನೀರಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೆ ಒಂದು, ಆತುರವಿಲ್ಲದೆ ಮೇಲೆ ಬರುತ್ತಿದ್ದವು. ಉರಿಯುವ ಜಾಗದ ಹೊಗೆ ನೀರಿಗೆ ಬರುತ್ತಿತ್ತು. ಗ್ಯಾಸ್ಕೆಟ್ ಹೊಸದು. ಹಾಗಾದರೆ ಹೆಡ್ಡೇ ಬಿರುಕು ಬಿಟ್ಟಿದೆ.

ನಿಧಾನವಾಗಿ ಎಸ್ಟೇಟು ಸೇರಿ, ಲೋಡು ಇಳಿಸಿ, ನಿಧಾನವಾಗಿ ವಾಪಸ್ಸು ಬಂದೆವು. ಅತ್ತೆಯ ಏಲಕ್ಕಿ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಕೆಂಚಣ್ಣ ಹಾಡಿನ ಹಾಗೆ ಏನೋ ಗುನುಗುತ್ತಿದ್ದರು. ಈ ಮನುಷ್ಯನಿಗೆ ಹೇಗೆ ಹೇಳುವುದು ಎಂಬುದೇ ನನ್ನ ತಲೆಯಲ್ಲಿ. ಲೋಭದಿಂದ, ಸೋಮಾರಿತನದಿಂದ ಎಂಜಿನ್ ಕೆಡಿಸಿದವರನ್ನು ನಾನು ಚೆನ್ನಾಗಿ ಬೈದಿದ್ದೇನೆ. ಇವರು ಕೆಡಿಸಿದ್ದು ಮರ್ಯಾದೆಯಿಂದ.

ಪಟ್ಟರೆಯಲ್ಲಿ ಹೆಡ್ ಮೂರನೇ ಸಲ ಇಳಿಯಿತು. ತಣ್ಣಗಿದ್ದಾಗ ಬಿರುಕು ಬಾಯಿ ಮುಚ್ಚಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹೆಡ್ಡನ್ನು ಡ್ರಮ್ಮಿನ ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಎತ್ತಿ ಒರೆಸಿ, ಅನುಮಾನವಿದ್ದ ಕಡೆ ಸೀಮೆಎಣ್ಣೆ ಸವರಿದೆವು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒಣಗುವ ಹಾಗೆ ಒರೆಸಿದೆವು. ಆಮೇಲೆ ನಾನು ಶಾಲೆಯ ಸೀಮೆಸುಣ್ಣವನ್ನು ಅರೆದು ಅದರ ಮೇಲೆ ಉದುರಿಸಿ, ಮೆಲ್ಲಗೆ ಊದಿದೆ. ಬಿರುಕಿನೊಳಗೆ ಇಳಿದ ಸೀಮೆಎಣ್ಣೆ ನಿಧಾನವಾಗಿ ಹೊರಗೆ ಬಂದು ಸುಣ್ಣವನ್ನು ಒದ್ದೆ ಮಾಡುತ್ತದೆ. ಅದಕ್ಕಾಗಿ ಕಾಯಬೇಕು. ಮಾಮ, ಕೆಂಚಣ್ಣ, ನಾನು, ಮೂವರೂ ಹುಟ್ಟಿದ ಮಗುವನ್ನು ನೋಡುವವರ ಹಾಗೆ ಬಗ್ಗಿ ನಿಂತಿದ್ದೆವು.

ಬಿಳಿಯ ಮೇಲೆ ಒಂದು ಗೆರೆ ಮೂಡಿತು. ಮೂರನೇ ಸಿಲಿಂಡರಿನ ಎರಡು ವಾಲ್ವುಗಳ ನಡುವೆ, ಕೂದಲೆಳೆಯಷ್ಟು, ತುದಿಯಲ್ಲಿ ಸ್ವಲ್ಪ ಕೊಂಕಿ.

"ಅಡ ಪಾವಿ, ಎಲಾ ಪಾಪಿ," ಎಂದರು ಮಾಮ ಮೆಲ್ಲಗೆ. "ಎರಡ್ ಸಲ ಇದರ ತಲೆ ಮ್ಯಾಲೇ ಕುಂತಿವ್ನಿ ನಾನು."

ಕೆಂಚಣ್ಣ ಕೇಳಿದರು, "ಇದ್ಯಾಕ್ ಬಂತು?"

"ವಯಸ್ಸಾಯ್ತಲ್ಲಪ್ಪ ಬಂಡಿಗೆ," ಎಂದು ಮಾಮ ತಕ್ಷಣ ಹೇಳಿ ನನ್ನ ಕಡೆ ನೋಡಿದರು. ಬೆಟ್ಟದಿಂದ ಬಂದ ಕೂಡಲೇ ನಾನು ಅವರಿಗೆ ಎಲ್ಲ ಹೇಳಿದ್ದೆ. ಬೇಡ ಬಿಡು ಎನ್ನುವ ನೋಟ ಅದು.

ಬಿಡಬಹುದಿತ್ತು. ಆದರೆ ಹೆಡ್ ರಿಪೇರಿಯಾಗಿ ಮತ್ತೆ ಆ ಒರತೆಯ ಹತ್ತಿರ ನಿಂತಿತೆಂದರೆ ಇದೇ ಗೆರೆಯ ಪಕ್ಕದಲ್ಲಿ ಇನ್ನೊಂದು ಬರುತ್ತಿತ್ತು. ಆಮೇಲೆ ರಿಪೇರಿ ಮಾಡಲು ಕಬ್ಬಿಣ ಉಳಿಯುತ್ತಿರಲಿಲ್ಲ. ನಾನು ಹೇಳಿದೆ. ಕಾದ ಕಬ್ಬಿಣ ಹಿಗ್ಗಿರುತ್ತದೆ ಅಣ್ಣ, ಐಸಿನಂಥ ನೀರು ಬಿದ್ದರೆ ಒಂದು ಕಡೆ ಮಾತ್ರ ಥಟ್ಟನೆ ಕುಗ್ಗುತ್ತದೆ, ಆ ಎಳೆದಾಟಕ್ಕೆ ಸೀಳುತ್ತದೆ. ಒಂದು ದಿನಕ್ಕೆ ಆಗುವುದಲ್ಲ, ಆಗುತ್ತ ಆಗುತ್ತ ಆಯಿತು.

ಅವರು ಗೆರೆಯನ್ನೇ ನೋಡುತ್ತಿದ್ದರು. "ನಾನು ಕುಡಿಸಿದ್ದಕ್ಕಾ?"

"ಬಿಸಿ ಇದ್ದಾಗ ಕುಡಿಸಿದ್ದಕ್ಕೆ."

ಟೀ ಬಂದಿತ್ತು. ಅದನ್ನು ಮುಟ್ಟದೆ, ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ಹೊರಟುಹೋದರು. ಮಾಮ ಅವರ ಲೋಟವನ್ನೂ ತಾವೇ ಕುಡಿದು, "ಕಾನ್ವೆಂಟ್ನಲ್ಲಿ ಸುಳ್ಳು ಯೋಳಕ್ಕೆ ಒಂದ್ ಪೀರಿಯಡ್ಡೂ ಇಡ್ಲಿಲ್ವಾ ಕಣ್ಣು?" ಎಂದರು. ನನಗೆ ಅಳು ಬಂದಿತ್ತು, ನಗುವೂ ಬಂತು.

ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ದಿಂಡುಕ್ಕಲ್ಲಿಗೆ ಒಯ್ದೆವು. ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕುವುದು ಜೂಜು, ಒಂದು ಕಡೆ ಕೂಡಿಸುವಾಗ ಇನ್ನೊಂದು ಕಡೆ ಬಿರುಕು ಬಿಡುತ್ತದೆ. ಮಾಮನಿಗೆ ಅಲ್ಲಿ ಸವರಿಮುತ್ತು ಎಂಬ ಬೀಗ ಮಾಡುವವರ ಪರಿಚಯವಿತ್ತು. ದಿಂಡುಕ್ಕಲ್ ಬೀಗದವರ ಕೈಯಲ್ಲಿ ಅರ ಹೇಗೆ ಓಡುತ್ತದೆಂದು ನೋಡಿಯೇ ತಿಳಿಯಬೇಕು. ಅವರು ಹೆಡ್ಡಿನ ಗೆರೆಯನ್ನು ಉಗುರಿನಿಂದ ತಡವಿ ತಮಿಳಿನಲ್ಲಿ, "ಬಾಯಿ ತೆರೆಸೋಕೆ ನನ್ನ ಹತ್ತಿರ ಬರೋರೇ ಜಾಸ್ತಿ. ಮುಚ್ಚಿಸೋಕೆ ಬಂದೋರು ನೀವೇ ಮೊದಲು. ನನ್ನ ಹೆಂಡತೀನ ಕರೀಲಾ, ಅವಳದೂ ಒಂದು ನೋಡಿ," ಎಂದರು. ಒಳಗಿನಿಂದ ಪಾತ್ರೆ ಎಸೆದ ಸದ್ದು ಕೇಳಿಸಿತು.

ಕೆಲಸ ಹೀಗೆ. ಬಿರುಕಿನ ಎರಡು ತುದಿಗೂ ಒಂದೊಂದು ರಂಧ್ರ ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಗೆರೆಯುದ್ದಕ್ಕೂ ರಂಧ್ರ ಕೊರೆದು, ಒಳಗೆ ತಿರುಪು ಹಿಡಿಯುವ ಸುರುಳಿ ಗೆರೆ ಹಾಕಿ, ಸವರಿಮುತ್ತು ಕೈಯಲ್ಲೇ ಮಾಡಿದ ಸಣ್ಣ ತಿರುಪುಗಳನ್ನು ಕೂರಿಸುವುದು. ಒಂದು ತಿರುಪು ಪಕ್ಕದ್ದನ್ನು ಒಂದಿಷ್ಟು ಕಚ್ಚಿಕೊಂಡಿರಬೇಕು, ಸಾಲಾಗಿ ನಿಂತ ಮಕ್ಕಳು ಕೈ ಹಿಡಿದುಕೊಂಡ ಹಾಗೆ. ಕೊನೆಗೆ ತಲೆಗಳನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮ ಮಾಡುವುದು. ಮುಗಿದಾಗ ಬಿರುಕಿದ್ದ ಕಡೆ ಚಂದ್ರಬಿಂಬಗಳ ಒಂದು ಸಾಲು ಮಾತ್ರ ಕಾಣುತ್ತಿತ್ತು. ಬ್ಯೂಟಿಫುಲ್. ಅಂಥ ಕೆಲಸವನ್ನು ಎಂಜಿನ್ನಿನೊಳಗೆ ಮುಚ್ಚಿಟ್ಟುಬಿಡುತ್ತೇವಲ್ಲ ಎಂದು ಹೊಟ್ಟೆ ಉರಿಯಿತು.

ತೇನಿಗೆ ತಂದು ವಾಲ್ವುಗಳು ಕೂರುವ ಜಾಗಗಳನ್ನು ಹೊಸದಾಗಿ ಉಜ್ಜಿಸಿದೆವು. ನೀರಿನ ದಾರಿಗಳಿಗೆಲ್ಲ ತಗಡು ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿ, ಒಳಗೆ ಗಾಳಿ ತುಂಬುವ ಪರೀಕ್ಷೆಗೆ ನಿಂತಿದ್ದಾಗ ಬೆನ್ನ ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಕೆಂಚಣ್ಣ. ಗಡ್ಡ ಬಂದಿತ್ತು.

"ಕಾನ್ವೆಂಟ್ ತಾಯಿ, ಒಂದ್ ಮಾತು."

"ಹೇಳಿ ಅಣ್ಣ."

"ನಂಗೆ ನೆಪ್ಪಾಯ್ತು. ಅಪ್ಪ ಮಲೆ ಏರಿದ್ ತಕ್ಷಣ ಎತ್ತಿಗ್ ನೀರ್ ಕುಡಿಸ್ತಿರ್ಲಿಲ್ಲ." ಅವರು ಕಣ್ಣೆತ್ತದೆ, ಡ್ರಮ್ಮಿನ ನೀರಿಗೆ ಹೇಳುವ ಹಾಗೆ ಹೇಳಿದರು. "ಹೇರಿಳಿಸಿ, ನೆಳ್ಳಲ್ಲಿ ನಿಲ್ಸಿ, ಕತ್ತಿನ ಮ್ಯಾಲೆ ಅಂಗೈ ಇಕ್ಕಿ ನಿಂತ್ಕತಿದ್ದ. ಬೆವರು ಆರೋಗಂಟ. ನಮಗೆ ಬಾಯಾರಿ ಸಾಯೋಂಗಾಗದು. 'ಅಪ್ಪಾ, ಕುಡ್ಸು' ಅಂದ್ರೆ, 'ಆರ್ಲಿ ಸುಮ್ಕಿರ್ಲಾ' ಅನ್ನನು. ಕುಡ್ಸದು ನೆಪ್ಪಿಟ್ಕೊಂಡೆ, ಕಾಯದು ಮರ್ತೋದೆ. ಎಸ್ಟೇಟ್ನೋರು ಬಿರ್ ಬಿರ್ನೆ ಬಾ ಅಂತಾರಲ್ಲ, ಹಂಗೇ ಹೋಗ್ಬುಡ್ತು."

ನಾನು ಎಷ್ಟು ಉಪದೇಶ ತಯಾರು ಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

"ಹಂಗೇ ಮಾಡಿ ಅಣ್ಣ. ರೇಡಿಯೇಟರಿನ ತಲೆ ಮೇಲೆ ಅಂಗೈ ಆರಾಮಾಗಿ ಇಡೋ ಹಂಗಾಗೋ ತನಕ ಮುಚ್ಚಳ ತೆಗೀಬೇಡಿ. ಆಮೇಲೆ ಎಂಜಿನ್ ಚಾಲೂ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಹಾಕಿ. ಇರೋ ನೀರು ಮಾತ್ರ ಚೆಲ್ಲಬಾರದು."

"ಹಳಸ್ಲು ನೀರು..."

"ಹಳಸಲು ಅಲ್ಲ. ಅದು ಅದರ ರಕ್ತ."

ಇದನ್ನು ಅವರು ಸ್ವಲ್ಪ ಹೊತ್ತು ನಾಲಿಗೆಯ ಮೇಲಿಟ್ಟುಕೊಂಡು ನೋಡಿದರು, ಮಾಮ ರೇಡಿಯೇಟರಿನ ನೀರು ನೋಡುವ ಹಾಗೆ. "ಸರಿ," ಎಂದರು. ಅಷ್ಟರಲ್ಲಿ ಮಾಮ ಡ್ರಮ್ಮಿನ ಕಡೆ ಬೆರಳು ತೋರಿಸಿದರು. ಗಾಳಿ ತುಂಬಿ ಆಗಲೇ ಎಷ್ಟೋ ಹೊತ್ತಾಗಿತ್ತು. ಒಂದೇ ಒಂದು ಗುಳ್ಳೆ ಎದ್ದಿರಲಿಲ್ಲ.

ಮೊದಲ ಲೋಡಿನ ದಿನ ನಾವು ಪಟ್ಟರೆಯಲ್ಲಿ ಕೆಲಸ ಮಾಡುವ ಹಾಗೆ ನಟಿಸುತ್ತಿದ್ದೆವು. ಸಂಜೆ ಬಾಳೆಎಲೆಗೆ ಕಟ್ಟಿದ ಏಲಕ್ಕಿಯ ಸಮೇತ ಲಾರಿ ಗೇಟಿಗೆ ಬಂತು. "ಮ್ಯಾನೇಜರು ಬೈದ, ಲೇಟು ಅಂತ," ಎಂದರು ಕೆಂಚಣ್ಣ. "ನೀವೇನಂದ್ರಿ?" ಎಂದೆ. "ನಿಂತೋಗೋದ್ಕಿಂತ ಲೇಟು ವಾಸಿ ಸಾಮಿ ಅಂದೆ. ನಾಳೆಯಿಂದ ಬೇಗ ಹೊಂಡ್ತೀನಿ ಅಂದೆ." ಎಸ್ಟೇಟಿನ ಲೋಡು ಅವರ ಕೈ ಬಿಟ್ಟುಹೋಗಲಿಲ್ಲ. ಆ ಹೆಡ್ಡನ್ನು ನಾವು ಮತ್ತೆ ಇಳಿಸಲೂ ಇಲ್ಲ.

ಮಕ್ಕಳೇ, ಈಗ ನಿಮ್ಮ ಹತ್ತಿರ ನೀಲಿ ದ್ರವ ಇದೆ, ರೇಡಿಯೇಟರಿನ ಬಾಯಿಗೆ ಹಿಡಿದರೆ ಹೊಗೆ ತಾಗಿ ಹಳದಿಯಾಗುತ್ತದೆ. ಬಣ್ಣ ಬೆರೆಸಿ, ವಿಶೇಷ ದೀಪ ಹಿಡಿದರೆ ಸೋರುವ ಜಾಗ ಮಿಂಚುಹುಳದ ಹಾಗೆ ಹೊಳೆಯುತ್ತದೆ. ಲವ್ಲಿ ಥಿಂಗ್ಸ್. ನನ್ನ ಕೈಗೆ ಸಿಕ್ಕಿದ್ದರೆ ನಾನೂ ಕುಣಿದಾಡುತ್ತಿದ್ದೆ. ಕೂಲೆಂಟನ್ನು ಅಳತೆಗೆ ತಕ್ಕ ಹಾಗೆ ಬೆರೆಸಿ, ಒರತೆಯ ನೀರನ್ನು ಎಂಜಿನ್ನಿಗೆ ತೋರಿಸಬೇಡಿ, ಅದರ ಉಪ್ಪು ಒಳಗೆಲ್ಲ ಕಟ್ಟುತ್ತದೆ. ಕೆಂಚಣ್ಣ ಮಾತ್ರ ಕೂಲೆಂಟನ್ನು ಕೊನೆಯವರೆಗೂ ಒಪ್ಪಲಿಲ್ಲ. "ಪಚ್ಚೆ ನೀರ್ನ ನೀನೇ ಕುಡಿ" ಎಂದು ನನಗೇ ಹೇಳಿದರು. ತುಕ್ಕು ತಡೆಯುವ ಎಣ್ಣೆಯನ್ನು ಸರ್ವಿಸಿಗೆ ಬಂದಾಗ ನಾನೇ ಸೇರಿಸಿ ಕಳಿಸುತ್ತಿದ್ದೆ. ಆದರೆ ಯಾವ ದ್ರವವೂ ದೀಪವೂ ಡ್ರೈವರು ದಾರಿಯಲ್ಲಿ ಏನು ಮಾಡುತ್ತಾನೆಂದು ಹೇಳುವುದಿಲ್ಲ. ಅದಕ್ಕೆ ಪಕ್ಕದ ಸೀಟಿನಲ್ಲಿ ಕೂರಬೇಕು.

ಮಾಮ ಹೋದರು. ಪಟ್ಟರೆಯನ್ನು ನಾನು ನಡೆಸಿದೆ, ಆಮೇಲೆ ಮಂಡಿ ನೋವು ನನ್ನನ್ನು ನಡೆಸಿತು. ಮೂಗುದ್ದದ ಲಾರಿಗಳು ಒಂದೊಂದೇ ಬರುವುದು ನಿಂತವು. ಕೆಂಚಣ್ಣನೂ ಸರ್ವಿಸಿಗೆ ಬರುವುದು ಅಪರೂಪವಾಯಿತು. ಲೋಡು ಕಡಿಮೆ, ಬಂಡಿ ಚೆನ್ನಾಗಿದೆ ಎಂದು ಯಾರ ಕೈಯಲ್ಲೋ ಹೇಳಿ ಕಳಿಸುತ್ತಿದ್ದರು.

ಪಟ್ಟರೆಗೆ ಬೀಗ ಹಾಕುವ ಹಿಂದಿನ ವರ್ಷ, ಬೆಟ್ಟದ ಮೇಲಿನ ಒಂದು ಮದುವೆಗೆ ನಾನು ಬಸ್ಸಿನಲ್ಲಿ ಬೋಡಿಮೆಟ್ಟು ಹತ್ತುತ್ತಿದ್ದೆ. ಕಿಟಕಿಗೆ ತಲೆಯಾನಿಸಿ ಅರೆನಿದ್ದೆ. ಬಸ್ಸು ನಿಧಾನವಾಯಿತು. ಕಣ್ಣು ತೆರೆದರೆ ರಸ್ತೆಯ ಅಂಚಿನಲ್ಲಿ ಬಾನೆಟ್ ಎತ್ತಿ ನಿಂತ ಹಳೇ ಲಾರಿ. ಮಂಜಿನಲ್ಲಿ ಬಣ್ಣ ಗೊತ್ತಾಗಲಿಲ್ಲ. ಹಿಂದೆ ಎರಡು ಜೀಪು ಹಾರ್ನ್ ಮಾಡುತ್ತಿದ್ದವು. ಕೆಂಚಣ್ಣ ರೇಡಿಯೇಟರಿನ ಮೇಲೆ ಎಡ ಅಂಗೈಯಿಟ್ಟು ನಿಂತಿದ್ದರು. ಬಕೆಟ್ ಕಾಲಿನ ಹತ್ತಿರ ತುಂಬಿ ತುಳುಕುತ್ತಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು, ಅವಸರ ಮಾತ್ರ ಎಲ್ಲೂ ಇರಲಿಲ್ಲ. ನಾನು ಕಿಟಕಿಯ ಗಾಜನ್ನು ಸರಿಸಲು ಒದ್ದಾಡಿದೆ, ಅದು ಸಿಕ್ಕಿಹಾಕಿಕೊಂಡಿತ್ತು. ಗಾಜಿಗೆ ಬಡಿದೆ. ಅವರು ಬಲಗೈ ಎತ್ತಿ ಬೀಸಿದರು. ಅದು ನನಗಲ್ಲ. ಬಸ್ಸಿಗೆ. ನೀನು ಹೋಗಪ್ಪ, ನಮ್ಮದು ಇನ್ನೂ ಹೊತ್ತಾಗುತ್ತದೆ ಎಂದು.